ಮನೆಯಲ್ಲೇ ಹಾಡು ರೆಕಾರ್ಡ್ ಮಾಡಲು ಲ್ಯಾಪ್‌ಟಾಪ್: ಅಂಗಡಿಯಿಂದ ಮೊದಲ ಟೇಕ್‌ವರೆಗೆ

ನಮ್ಮ ಸೋದರತ್ತೆಗೆ ಆಗ 71 ವರ್ಷ. ಚಿಕ್ಕಂದಿನಿಂದ ದೇವರನಾಮ ಹಾಡಿಕೊಂಡು ಬಂದವರು. ಅವರ ದನಿಯನ್ನು ಉಳಿಸಿಕೊಳ್ಳಬೇಕು ಅಂತ ಒಂದು ಭಾನುವಾರ ಮನೆಗೆ ಕರೆದೆ. ನನ್ನ ಹತ್ತಿರ ಹೊಸ ಲ್ಯಾಪ್‌ಟಾಪ್ ಇತ್ತು, ದುಬಾರಿಯದೇ. ಮೂರನೇ ಟೇಕ್‌ಗೆ ಅತ್ತೆಯ ದನಿ ಹದಕ್ಕೆ ಬಂತು. ಅನುಪಲ್ಲವಿ ಮುಗಿಸಿ ಪಲ್ಲವಿಗೆ ಮರಳುವ ಜಾಗದಲ್ಲಿ ಒಂದು ಸಣ್ಣ ಸಂಗತಿ (ಅದೇ ಸಾಲನ್ನು ಸ್ವಲ್ಪ ಬದಲಿಸಿ ಹಾಡುವ ಸೊಗಸು) ಹಾಕಿದರು. ಕೂತವರೆಲ್ಲ ಉಸಿರು ಹಿಡಿದು ಕೇಳಿದೆವು.

ರಾತ್ರಿ ಹೆಡ್‌ಫೋನ್ ಹಾಕಿ ಕೇಳಿದರೆ ಸರಿಯಾಗಿ ಅದೇ ಜಾಗದಲ್ಲಿ 'ಟಪ್' ಅಂತ ಶಬ್ದ. ಮುಂದೆ ಇನ್ನೆರಡು ಕಡೆ 'ಚಟ್ ಚಟ್'. ಅಲ್ಲೆಲ್ಲ ದನಿ ಕೂದಲೆಳೆಯಷ್ಟು ತುಂಡಾಗಿತ್ತು. ಇಂಥ ಶಬ್ದ ತೆಗೆಯುವ ಸಾಫ್ಟ್‌ವೇರ್ ಇವೆ ನಿಜ. ಆದರೆ ಸ್ವರವನ್ನು ತೂಗಿ ಹಾಡುವ ಗಮಕ ಓಡುತ್ತಿರುವಾಗ ತುಂಡಾದ ದನಿಯನ್ನು ಹೊಲಿಯುವುದು ಕಷ್ಟ, ಗುರುತು ಉಳಿದೇ ಉಳಿಯುತ್ತದೆ. ಮುಂದಿನ ವಾರ ಅತ್ತೆಯನ್ನು ಮತ್ತೆ ಕರೆದು ಹಾಡಿಸಿದೆ. ಹಾಡು ಚೆನ್ನಾಗಿಯೇ ಬಂತು. ಆ ಸಂಗತಿ ಮಾತ್ರ ಬರಲಿಲ್ಲ.

ಆಮೇಲೆ ಹುಡುಕಿದಾಗ ಸಿಕ್ಕ ಕಾರಣ ಲ್ಯಾಪ್‌ಟಾಪಿನ ವೈಫೈ. ಹಾಡು ಶುರುವಾಗುವ ಮೊದಲು ಅದನ್ನು ಆಫ್ ಮಾಡಿದ್ದರೆ ಸಾಕಿತ್ತು. ಅಂದಿನಿಂದ ಸಂಗೀತಕ್ಕೆ ಲ್ಯಾಪ್‌ಟಾಪ್ ಆರಿಸುವಾಗ ನಾನು ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ಒಬ್ಬರು ಮನಸಾರೆ ಹಾಡುವ ಆ ನಾಲ್ಕೈದು ನಿಮಿಷ ಇದು ಅಡ್ಡ ಬರದೆ ಸುಮ್ಮನಿರುತ್ತದೆಯೇ? ಮುಂದೆ ಹೇಳುವುದೆಲ್ಲ ಈ ಪ್ರಶ್ನೆಗೆ ಉತ್ತರವೇ.

'ಟಪ್' ಎಲ್ಲಿಂದ ಬರುತ್ತದೆ?

ಇದು ಗೊತ್ತಾದರೆ ಅರ್ಧ ಕೆಲಸ ಆದಂತೆ. ದನಿ ಕಂಪ್ಯೂಟರಿಗೆ ಹೋಗುವುದು ಚೂರುಚೂರಾಗಿ, ಸೆಕೆಂಡಿಗೆ 44,100 ಅಥವಾ 48,000 ಚೂರು. ಒಂದೊಂದು ಚೂರಿಗೂ ಸ್ಯಾಂಪಲ್ ಅಂತ ಹೆಸರು. ಲ್ಯಾಪ್‌ಟಾಪ್ ಇವನ್ನು ಒಂದೊಂದಾಗಿ ಮುಟ್ಟುವುದಿಲ್ಲ. 128, 256, 512 ಹೀಗೆ ಗುಂಪು ಮಾಡಿಕೊಂಡು ಕೆಲಸ ಮಾಡುತ್ತದೆ. ಆ ಗುಂಪಿನ ಗಾತ್ರಕ್ಕೆ ಬಫರ್ ಅನ್ನುತ್ತಾರೆ.

ಮದುವೆ ಊಟದ ಪಂಕ್ತಿ ನೆನಪಿಸಿಕೊಳ್ಳಿ. ಎಲೆಗೆ ಒಮ್ಮೆಗೇ ಜಾಸ್ತಿ ಅನ್ನ ಹಾಕಿದರೆ ಬಡಿಸುವವರು ನಿಧಾನವಾಗಿ ಸುತ್ತು ಹಾಕಿ ಬರಬಹುದು. ಒಂದೊಂದೇ ತುತ್ತು ಹಾಕುತ್ತಾ ಹೋದರೆ ಓಡೋಡಿ ಬರಬೇಕು. ಒಂದು ಸಲ ಯಾರೋ ದಾರಿಗೆ ಅಡ್ಡ ನಿಂತರೂ ಎಲೆ ಖಾಲಿ. ಎಲೆ ಖಾಲಿಯಾದ ಆ ಕ್ಷಣವೇ 'ಟಪ್'.

ಹಾಗಾದರೆ ಬಫರ್ ಯಾವಾಗಲೂ ದೊಡ್ಡದೇ ಇಡಬಹುದು ಅಲ್ವಾ? ಇಟ್ಟರೆ ಹಾಡಿದ ದನಿ ಹೆಡ್‌ಫೋನಿಗೆ ತಡವಾಗಿ ಬರುತ್ತದೆ. 48,000ದ ಲೆಕ್ಕದಲ್ಲಿ 128ರ ಬಫರ್ ಅಂದರೆ 2.7 ಮಿಲಿಸೆಕೆಂಡ್, 256 ಅಂದರೆ 5.3, 1024 ಅಂದರೆ 21ಕ್ಕಿಂತ ಸ್ವಲ್ಪ ಹೆಚ್ಚು. ದನಿ ಒಳಗೆ ಬರಲು ಒಮ್ಮೆ, ಹೊರಗೆ ಹೋಗಲು ಇನ್ನೊಮ್ಮೆ. ಹಾಗಾಗಿ ಇದರ ಎರಡರಷ್ಟು, ಮೇಲೊಂದಿಷ್ಟು. ಗಾಳಿಯಲ್ಲಿ ದನಿ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. 10 ಮಿಲಿಸೆಕೆಂಡ್ ತಡ ಅಂದರೆ ಮೃದಂಗದವರು ಮೂರೂವರೆ ಮೀಟರ್ ಆಚೆ ಕೂತ ಹಾಗೆ. ಅಷ್ಟು ಸಹಿಸಬಹುದು. 1024ರ ಬಫರ್ ಇಟ್ಟರೆ ಸುಮಾರು 15 ಮೀಟರ್ ಆಚೆ, ಅಂದರೆ ಸಭಾಂಗಣದ ಹಿಂದಿನ ಸಾಲಿಗೆ ಹೋಗಿ ಕೂತ ಹಾಗೆ. ಅಲ್ಲಿಂದ ಕೇಳಿಕೊಂಡು ಹಾಡಿದರೆ ತಾಳ ಜಾರುತ್ತದೆ.

ಒಳ್ಳೆಯ ಲ್ಯಾಪ್‌ಟಾಪ್ ಅಂದರೆ ಚಿಕ್ಕ ಬಫರ್ ಇಟ್ಟರೂ ಒಂದು ಸಲವೂ ತಪ್ಪದೆ ಬಡಿಸುವುದು. ಪೆಟ್ಟಿಗೆ ಮೇಲೆ ಬರೆದ ದೊಡ್ಡ ದೊಡ್ಡ ಅಂಕಿಗಳಿಗೂ ಇದಕ್ಕೂ ನೇರ ಸಂಬಂಧ ಕಡಿಮೆ.

ಹಂತ 1: ನಿಮ್ಮ ಕೆಲಸ ಯಾವುದು ಅಂತ ಬರೆದುಕೊಳ್ಳಿ

ಒಂದು ಹಾಳೆಯಲ್ಲಿ ಬರೆಯಿರಿ. ಹಾಡು ಮತ್ತು ಒಂದೆರಡು ವಾದ್ಯ ರೆಕಾರ್ಡ್ ಮಾಡುತ್ತೀರಾ? ಭಾವಗೀತೆ, ಭಜನೆ, ಗಮಕ ವಾಚನ, ಪಾಡ್‌ಕಾಸ್ಟ್ ಎಲ್ಲ ಇದರಲ್ಲೇ ಬಂತು. ಇದಕ್ಕೆ ಸಾಧಾರಣ ಲ್ಯಾಪ್‌ಟಾಪ್ ಸಾಕು. ನಾಲ್ಕೈದು ವರ್ಷ ಹಳೆಯದಾದರೂ ನಡೆಯುತ್ತದೆ. ಬೀಟ್, ಸಿಂತ್ (ಎಲೆಕ್ಟ್ರಾನಿಕ್ ದನಿಯ ವಾದ್ಯ), ಸಾಫ್ಟ್‌ವೇರ್ ವಾದ್ಯ ಇಟ್ಟುಕೊಂಡು ಪೂರ್ತಿ ಹಾಡು ಕಟ್ಟುತ್ತೀರಾದರೆ ಪ್ರೊಸೆಸರ್ ಗಟ್ಟಿ ಬೇಕು. ಸಿನಿಮಾ ಹಿನ್ನೆಲೆ ಸಂಗೀತದ ಹಾಗೆ ಐವತ್ತು ಪಿಟೀಲು, ಹಿತ್ತಾಳೆ ವಾದ್ಯ, ಕೋರಸ್ ಎಲ್ಲ ಕಂಪ್ಯೂಟರಿನಲ್ಲೇ ನುಡಿಸುತ್ತೀರಾದರೆ ರ‍್ಯಾಮ್ ಮತ್ತು ಎಸ್‌ಎಸ್‌ಡಿ (ಫೈಲ್‌ಗಳು ಉಳಿಯುವ ಡಿಸ್ಕ್) ಎರಡೂ ದೊಡ್ಡದು ಬೇಕು.

ಹೆಚ್ಚಿನವರು ಮೊದಲನೇ ಕೆಲಸಕ್ಕೆ ಮೂರನೇ ಕೆಲಸದ ಲ್ಯಾಪ್‌ಟಾಪ್ ಕೊಳ್ಳುತ್ತಾರೆ. ಆಮೇಲೆ ಮೈಕ್‌ಗೆ ದುಡ್ಡು ಉಳಿದಿರುವುದಿಲ್ಲ. ಕೈಯಲ್ಲಿ ಒಂದು ಲಕ್ಷ ಇದ್ದರೆ ಲ್ಯಾಪ್‌ಟಾಪಿಗೆ 60-65 ಸಾವಿರ ಮೀರಬೇಡಿ. ಉಳಿದದ್ದು ಆಡಿಯೋ ಇಂಟರ್‌ಫೇಸ್ (ಮೈಕಿನ ದನಿಯನ್ನು ಲ್ಯಾಪ್‌ಟಾಪಿಗೆ ತಲುಪಿಸುವ ಪೆಟ್ಟಿಗೆ), ಮೈಕ್, ಹೆಡ್‌ಫೋನ್ ಮತ್ತು ಬ್ಯಾಕಪ್ ಡಿಸ್ಕಿಗೆ ಬೇಕು.

ಹಂತ 2: ಒಳಗೆ ಏನಿರಬೇಕು

ಪ್ರೊಸೆಸರಿನಿಂದ ಶುರು ಮಾಡೋಣ. ಒಂದು ಟ್ರ್ಯಾಕಿನ (ಬೇರೆಯಾಗಿ ರೆಕಾರ್ಡ್ ಆದ ಒಂದು ದನಿ ಅಥವಾ ವಾದ್ಯದ ಪದರ) ಮೇಲೆ ದನಿಯ ಬಣ್ಣ ತಿದ್ದುವ ಈಕ್ಯು, ಏರಿಳಿತ ಸಮ ಮಾಡುವ ಕಂಪ್ರೆಸರ್, ಗುಂಗು ಸೇರಿಸುವ ರಿವರ್ಬ್ ಹಾಕಿದರೆ ಅವು ಒಂದರ ಹಿಂದೆ ಒಂದು ನಡೆಯಬೇಕು. ಈಕ್ಯು ಮುಗಿಯದೆ ಕಂಪ್ರೆಸರ್ ಶುರುವಾಗುವಂತಿಲ್ಲ. ಹಾಗಾಗಿ ಆ ಸಾಲಿನ ಕೆಲಸ ಹೆಚ್ಚಾಗಿ ಪ್ರೊಸೆಸರಿನ ಒಂದೇ ಕೋರ್ (ಲೆಕ್ಕ ಮಾಡುವ ಭಾಗ) ಮೇಲೆ ಬೀಳುತ್ತದೆ. ಕೋರ್ ಎಷ್ಟಿವೆ ಅನ್ನುವುದಕ್ಕಿಂತ ಒಂದೊಂದು ಕೋರ್ ಎಷ್ಟು ಚುರುಕು ಅನ್ನುವುದು ಇಲ್ಲಿ ಮುಖ್ಯ. ಟ್ರ್ಯಾಕ್ ಜಾಸ್ತಿಯಾದಾಗ ಕೋರ್‌ಗಳ ಸಂಖ್ಯೆಯೂ ನೆರವಿಗೆ ಬರುತ್ತದೆ. ಇತ್ತೀಚಿನ ಇಂಟೆಲ್ ಕೋರ್ 5 ಅಥವಾ ಎಎಂಡಿ ರೈಜೆನ್ 5 ಮೊದಲ ಎರಡು ಬಗೆಯ ಕೆಲಸಕ್ಕೆ ಧಾರಾಳ. ಇಂಟೆಲ್ ಹೆಸರಿನ ಕೊನೆಯ ಅಕ್ಷರವನ್ನೂ ನೋಡಿ. 'ಯು' ಇದ್ದರೆ ಕರೆಂಟ್ ಉಳಿಸುವ, ತಣ್ಣಗಿನ ಬಗೆ. 'ಎಚ್' ಇದ್ದರೆ ಶಕ್ತಿ ಜಾಸ್ತಿ, ಬಿಸಿಯೂ ಜಾಸ್ತಿ.

ಬಿಸಿ ಅನ್ನುವುದು ಸಣ್ಣ ಮಾತಲ್ಲ. ತುಂಬಾ ತೆಳುವಾದ ಲ್ಯಾಪ್‌ಟಾಪಿನಲ್ಲಿ ಶಕ್ತಿಯ ಪ್ರೊಸೆಸರ್ ಹಾಕಿದ್ದರೆ ಮೊದಲ ಹತ್ತು ನಿಮಿಷ ಚೆನ್ನಾಗಿ ಓಡುತ್ತದೆ. ಆಮೇಲೆ ಕಾದು, ತನ್ನನ್ನು ಕಾಪಾಡಿಕೊಳ್ಳಲು ತಾನೇ ನಿಧಾನವಾಗುತ್ತದೆ. ಬೇಸಿಗೆಯಲ್ಲಿ ರಾಯಚೂರು, ಕಲಬುರಗಿ ಕಡೆ ಫ್ಯಾನ್ ನಿಲ್ಲಿಸಿ ರೆಕಾರ್ಡ್ ಮಾಡುವವರಿಗೆ ಇದು ಬೇಗ ಗೊತ್ತಾಗುತ್ತದೆ. ಜೊತೆಗೆ ಲ್ಯಾಪ್‌ಟಾಪಿನ ಒಳಗಿನ ಫ್ಯಾನ್. ಅದು 'ಝೊಂಯ್' ಅನ್ನುತ್ತಿದ್ದರೆ ಸಣ್ಣ ಸದ್ದಿಗೂ ಕಿವಿಗೊಡುವ ಕಂಡೆನ್ಸರ್ ಬಗೆಯ ಮೈಕ್ ಅದನ್ನೂ ನಿಷ್ಠೆಯಿಂದ ಹಿಡಿಯುತ್ತದೆ. ಕೊಳ್ಳುವ ಮೊದಲು ಆ ಮಾದರಿಯ ಫ್ಯಾನ್ ಸದ್ದಿನ ಬಗ್ಗೆ ಬಳಸಿದವರನ್ನು ಕೇಳಿ.

ರ‍್ಯಾಮ್ 16 ಜಿಬಿ ಇರಲಿ. 8 ಜಿಬಿಯಲ್ಲಿ ವಿಂಡೋಸ್ ತನ್ನ ಪಾಲು ತೆಗೆದುಕೊಂಡ ಮೇಲೆ ನಿಮಗೆ ಉಳಿಯುವುದು ಅರ್ಧವೋ ಅದಕ್ಕಿಂತ ಸ್ವಲ್ಪ ಹೆಚ್ಚೋ ಅಷ್ಟೇ. ಸಾಫ್ಟ್‌ವೇರ್ ವಾದ್ಯಗಳು ಪ್ರತಿ ಸ್ವರದ ಮೊದಲ ತುಣುಕನ್ನು ರ‍್ಯಾಮ್‌ನಲ್ಲಿ ಇಟ್ಟುಕೊಳ್ಳುತ್ತವೆ, ಕೀ ಒತ್ತಿದ ಕೂಡಲೇ ನುಡಿಯಲಿ ಅಂತ. ದೊಡ್ಡ ಆರ್ಕೆಸ್ಟ್ರಾ ಕೆಲಸಕ್ಕೆ 32 ಜಿಬಿ ಬೇಕು. ಅಂಗಡಿಯಲ್ಲಿ ಕೇಳಲೇಬೇಕಾದ ಮಾತು ಒಂದಿದೆ: ರ‍್ಯಾಮ್ ಬೋರ್ಡಿಗೇ ಬೆಸೆದಿದ್ದಾರಾ, ಇಲ್ಲ ಸ್ಲಾಟ್ ಇದೆಯಾ? ಸ್ಲಾಟ್ ಇದ್ದರೆ ಈಗ 8 ಕೊಂಡು ಮುಂದೆ ಸೇರಿಸಬಹುದು. ಬೆಂಗಳೂರಿನ ಎಸ್‌ಪಿ ರಸ್ತೆಯ ಅಂಗಡಿಗಳಲ್ಲಿ ರ‍್ಯಾಮ್, ಎಸ್‌ಎಸ್‌ಡಿ ಎರಡೂ ಬಿಡಿಯಾಗಿ ಸಿಗುತ್ತವೆ. ಬೆಸೆದಿದ್ದರೆ ಈಗ ಕೊಂಡದ್ದೇ ಕೊನೆಯವರೆಗೆ.

ಎಸ್‌ಎಸ್‌ಡಿ 512 ಜಿಬಿ. ಲೆಕ್ಕ ಮಾಡಿ ನೋಡಿ. 24 ಬಿಟ್ (ಒಂದೊಂದು ಸ್ಯಾಂಪಲ್ ಬರೆದಿಡುವ ಅಳತೆ), 48,000ದಲ್ಲಿ ಒಂದು ಮೈಕಿನ ಒಂದು ನಿಮಿಷಕ್ಕೆ ಸುಮಾರು 8.6 ಎಂಬಿ. ಐದು ನಿಮಿಷದ ಹಾಡಿಗೆ 20 ಟ್ರ್ಯಾಕ್ ಅಂದರೆ ಸುಮಾರು 860 ಎಂಬಿ. ಒಂದೊಂದಕ್ಕೂ ಮೂರು ನಾಲ್ಕು ಟೇಕ್ ತೆಗೆದರೆ 3 ಜಿಬಿ ಆಗಿಹೋಯಿತು. ವಾದ್ಯಗಳ ಲೈಬ್ರರಿ ಒಂದೊಂದೇ ಹತ್ತಾರು ಜಿಬಿ ಇರುತ್ತದೆ. ಹಳೇ ಬಗೆಯ ತಿರುಗುವ ಹಾರ್ಡ್‌ಡಿಸ್ಕ್ ಮೇಲೆ ನೇರವಾಗಿ ರೆಕಾರ್ಡ್ ಮಾಡಬೇಡಿ. ಅದು ಬ್ಯಾಕಪ್ಪಿಗೆ ಮಾತ್ರ.

ಆಟಕ್ಕೆ ಬೇಕಾದ ದೊಡ್ಡ ಗ್ರಾಫಿಕ್ಸ್ ಕಾರ್ಡ್ ಸಂಗೀತಕ್ಕೆ ಬೇಕಿಲ್ಲ. ಅದು ಬಿಸಿ ಹೆಚ್ಚಿಸುತ್ತದೆ, ಫ್ಯಾನ್ ಕೂಗಿಸುತ್ತದೆ. ಅದರ ಡ್ರೈವರ್ (ಆ ಭಾಗವನ್ನು ನಡೆಸುವ ಸಣ್ಣ ಸಾಫ್ಟ್‌ವೇರ್) ಕೆಲವೊಮ್ಮೆ 'ಟಪ್' ಶಬ್ದಕ್ಕೂ ಕಾರಣ. ಪರದೆ 14 ಇಂಚಿಗಿಂತ ಚಿಕ್ಕದಾದರೆ ಟ್ರ್ಯಾಕ್‌ಗಳು ಕಣ್ಣಿಗೆ ಕಷ್ಟ. ಯುಎಸ್‌ಬಿ ಕಿಂಡಿ ಕನಿಷ್ಠ ಎರಡು ಮೂರು ಇರಲಿ. ಇಂಟರ್‌ಫೇಸನ್ನು ಯಾವಾಗಲೂ ಹಬ್ (ಒಂದು ಕಿಂಡಿಯನ್ನು ಹಲವಾಗಿಸುವ ಪೆಟ್ಟಿಗೆ) ಇಲ್ಲದೆ ನೇರವಾಗಿ ಚುಚ್ಚಬೇಕು.

ಹಂತ 3: ಮ್ಯಾಕ್‌ಬುಕ್ಕೋ ವಿಂಡೋಸೋ?

ಎರಡರಲ್ಲೂ ಒಳ್ಳೆಯ ಕೆಲಸ ಆಗುತ್ತದೆ. ಮ್ಯಾಕ್‌ನ ಲಾಭ ಏನೆಂದರೆ ಆಡಿಯೋ ವ್ಯವಸ್ಥೆ ಅದರ ಒಳಗೇ ಚೆನ್ನಾಗಿ ಕಟ್ಟಿದೆ. ಸೆಟಪ್ ತಲೆನೋವು ಕಡಿಮೆ. 2020ರ ನವೆಂಬರಿನಲ್ಲಿ ಬಂದ ಎಂ1 ಚಿಪ್ಪಿನ ಮ್ಯಾಕ್‌ಬುಕ್ ಏರ್ ಇವತ್ತಿಗೂ ಹಾಡು ರೆಕಾರ್ಡ್ ಮಾಡಲು ಚೆನ್ನಾಗಿದೆ. ಏರ್‌ಗೆ ಫ್ಯಾನೇ ಇಲ್ಲ, ಸಂಪೂರ್ಣ ನಿಶ್ಶಬ್ದ. ಒಂದೇ ಕೋಣೆಯಲ್ಲಿ ಮೈಕ್ ಮತ್ತು ಲ್ಯಾಪ್‌ಟಾಪ್ ಇಟ್ಟುಕೊಳ್ಳುವವರಿಗೆ ಇದು ದೊಡ್ಡ ವರ. ಗ್ಯಾರೇಜ್‌ಬ್ಯಾಂಡ್ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ. ಕೊರತೆ ಅಂದರೆ ರ‍್ಯಾಮ್, ಸ್ಟೋರೇಜ್ ಆಮೇಲೆ ಹೆಚ್ಚಿಸಲು ಆಗುವುದಿಲ್ಲ. ಏರ್‌ನ ಆರಂಭದ ಮಾದರಿಗೂ 16 ಜಿಬಿ ರ‍್ಯಾಮ್ ಕೊಡಲು ಶುರು ಮಾಡಿದ್ದು 2024ರ ಅಕ್ಟೋಬರಿನಿಂದ. ಅದಕ್ಕೂ ಹಿಂದಿನದನ್ನು ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ 8 ಜಿಬಿಯದೋ 16ರದೋ ನೋಡಿಕೊಳ್ಳಿ.

ವಿಂಡೋಸ್‌ನಲ್ಲಿ ಅದೇ ದುಡ್ಡಿಗೆ ಹೆಚ್ಚು ರ‍್ಯಾಮ್, ಹೆಚ್ಚು ಕಿಂಡಿ, ನಮ್ಮೂರಲ್ಲೇ ರಿಪೇರಿ. ಬದಲಿಗೆ ಅರ್ಧ ದಿನ ಕೂತು ಸೆಟಪ್ ಮಾಡಬೇಕು. ಅದನ್ನು ಐದನೇ ಹಂತದಲ್ಲಿ ಬಿಡಿಸಿ ಹೇಳಿದ್ದೇನೆ. ಸ್ನ್ಯಾಪ್‌ಡ್ರ್ಯಾಗನ್ ಚಿಪ್ ಇರುವ ವಿಂಡೋಸ್ ಲ್ಯಾಪ್‌ಟಾಪ್ ಬಗ್ಗೆ ಮಾತ್ರ ಒಂದು ಎಚ್ಚರ. ಬ್ಯಾಟರಿ ಚೆನ್ನಾಗಿ ಬರುತ್ತದೆ, ಆದರೆ ಇಂಟೆಲ್-ಎಎಂಡಿಗೆ ಬರೆದ ಡ್ರೈವರ್ ಅದರಲ್ಲಿ ನಡೆಯುವುದಿಲ್ಲ. ನಿಮ್ಮ ಇಂಟರ್‌ಫೇಸ್ ಕಂಪನಿ ಆ ಚಿಪ್ಪಿಗೇ ಅಂತ ಡ್ರೈವರ್ ಕೊಟ್ಟಿದೆಯಾ ಅಂತ ಮೊದಲು ನೋಡಿ, ಆಮೇಲೆ ಕೊಳ್ಳಿ.

ಹಂತ 4: ಸೆಕೆಂಡ್ ಹ್ಯಾಂಡ್ ಆದರೆ

ನಾನು ಇದಕ್ಕೆ ವಿರೋಧಿಯಲ್ಲ. ಆಫೀಸಿನಿಂದ ಹೊರಬಿದ್ದ ಗಟ್ಟಿ ಮೈಯ ಲ್ಯಾಪ್‌ಟಾಪ್‌ಗಳು ಸಂಗೀತಕ್ಕೆ ಚೆನ್ನಾಗಿ ಒದಗುತ್ತವೆ. ಎರಡು ಸಂಗತಿ ಗಮನಿಸಿ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಅಧಿಕೃತವಾಗಿ ನಡೆಯಬೇಕಾದರೆ ಇಂಟೆಲ್‌ನ 8ನೇ ತಲೆಮಾರು ಅಥವಾ ಅದರ ನಂತರದ ಪ್ರೊಸೆಸರ್ ಬೇಕು. ಇನ್ನೊಂದು, ಅಂಗಡಿಗೆ ಹೋಗುವಾಗ ವೈರ್ ಇರುವ ಹೆಡ್‌ಫೋನ್ ತೆಗೆದುಕೊಂಡು ಹೋಗಿ. ಅದನ್ನು ಹಾಕಿಕೊಂಡು 'ಟಪ್' ಬರುತ್ತದಾ ಅಂತ ಕೇಳುತ್ತಾ ಹತ್ತು ನಿಮಿಷ ಯಾವುದಾದರೂ ವಿಡಿಯೋ ಓಡಿಸಿ ಲ್ಯಾಪ್‌ಟಾಪ್ ಬಿಸಿಯಾಗಲು ಬಿಡಿ. ಆಮೇಲೆ ಕೀಬೋರ್ಡಿನ ಹತ್ತಿರ ಕಿವಿ ಇಟ್ಟು ಫ್ಯಾನ್ ಕೇಳಿ. ಗಾಳಿಯ ಸದ್ದು ಇರಲಿ, ಪರವಾಗಿಲ್ಲ. ಕಿರುಗುಟ್ಟುವ ಸದ್ದು ಇದ್ದರೆ ಬೇರಿಂಗ್ ಸವೆದಿದೆ ಅಂತ ಲೆಕ್ಕ. ಪ್ರತಿ ಯುಎಸ್‌ಬಿ ಕಿಂಡಿಗೂ ಪೆನ್‌ಡ್ರೈವ್ ಚುಚ್ಚಿ ಅಲುಗಾಡಿಸಿ ನೋಡಿ. ಕಿಂಡಿ ಸಡಿಲವಾಗಿದ್ದರೆ ಟೇಕ್ ಮಧ್ಯೆ ಇಂಟರ್‌ಫೇಸ್ ಕೈಕೊಡುತ್ತದೆ.

ಹಂತ 5: ಮೊದಲ ದಿನದ ಸೆಟಪ್

ಇಡೀ ಬರಹದಲ್ಲಿ ನಾನು ಒತ್ತಿ ಹೇಳಬೇಕೆಂದಿರುವುದು ಈ ಭಾಗವನ್ನೇ. ಇನ್ನೂ 20 ಸಾವಿರ ಹೆಚ್ಚು ಕೊಟ್ಟು ದೊಡ್ಡ ಲ್ಯಾಪ್‌ಟಾಪ್ ತಂದರೆ ಸಿಗುವುದಕ್ಕಿಂತ ಜಾಸ್ತಿ ಲಾಭ ಈ ಅರ್ಧ ದಿನದ ಕೆಲಸದಿಂದ ಸಿಗುತ್ತದೆ. ವಿಂಡೋಸ್‌ನವರು ಕ್ರಮವಾಗಿ ಹೀಗೆ ಮಾಡಿ.

1. ಮೊದಲು ವಿಂಡೋಸ್ ಅಪ್‌ಡೇಟ್ ಎಲ್ಲ ಮುಗಿಸಿ. ಮೂರು ನಾಲ್ಕು ಸಲ ರೀಸ್ಟಾರ್ಟ್ ಕೇಳಬಹುದು. ಲ್ಯಾಪ್‌ಟಾಪ್ ಕಂಪನಿಯ ತಾಣದಿಂದ ವೈಫೈ ಮತ್ತು ಗ್ರಾಫಿಕ್ಸ್ ಡ್ರೈವರ್, ಬಯಾಸ್ (ಲ್ಯಾಪ್‌ಟಾಪ್ ಆನ್ ಆದಾಗ ಮೊದಲು ಓಡುವ ಒಳಗಿನ ಸಾಫ್ಟ್‌ವೇರ್) ಹೊಸದು ಹಾಕಿ.

2. ಪೆಟ್ಟಿಗೆಯಿಂದಲೇ ಬಂದ ಟ್ರಯಲ್ ಆ್ಯಂಟಿವೈರಸ್, ಆಟ, ಬೇಡದ ಆ್ಯಪ್ ಎಲ್ಲ ತೆಗೆಯಿರಿ. ವಿಂಡೋಸ್‌ನದೇ ಡಿಫೆಂಡರ್ ಸಾಕು. ಅದರ ಸೆಟ್ಟಿಂಗ್‌ನಲ್ಲಿ ನಿಮ್ಮ ಹಾಡುಗಳ ಫೋಲ್ಡರನ್ನು ಸ್ಕ್ಯಾನ್‌ನಿಂದ ಹೊರಗಿಡಿ.

3. ಹಾಡುಗಳ ಫೋಲ್ಡರ್ ಎಲ್ಲಿದೆ ನೋಡಿ. ಡಾಕ್ಯುಮೆಂಟ್ಸ್ ಒಳಗಿದ್ದರೆ ಒನ್‌ಡ್ರೈವ್ ಅದನ್ನು ನಿಮಗೆ ಗೊತ್ತಿಲ್ಲದೆಯೇ ಮೋಡಕ್ಕೆ, ಅಂದರೆ ಇಂಟರ್ನೆಟ್ ಮೇಲಿನ ಸಂಗ್ರಹಕ್ಕೆ, ಕಳಿಸುತ್ತಿರಬಹುದು. ರೆಕಾರ್ಡ್ ಆಗುತ್ತಿರುವ ಫೈಲನ್ನೇ ಅದು ಎಳೆಯಲು ಹೋದರೆ ಗಲಾಟೆ. ಸಿ ಅಥವಾ ಡಿ ಡ್ರೈವಿನಲ್ಲಿ ನೇರವಾಗಿ ಒಂದು ಫೋಲ್ಡರ್ ಮಾಡಿಕೊಳ್ಳಿ.

4. ಪವರ್ ಸೆಟ್ಟಿಂಗ್‌ನಲ್ಲಿ 'ಬೆಸ್ಟ್ ಪರ್ಫಾರ್ಮೆನ್ಸ್' ಆರಿಸಿ. ಚಾರ್ಜರ್ ಇದ್ದಾಗ ಒಂದು, ಬ್ಯಾಟರಿಯಲ್ಲಿ ಒಂದು ಅಂತ ಬೇರೆ ಬೇರೆ ಇರುತ್ತದೆ. ಎರಡನ್ನೂ ಬದಲಿಸಿ. ಚಾರ್ಜರ್ ಇದ್ದಾಗ ಸ್ಲೀಪ್ 'ನೆವರ್' ಇರಲಿ.

5. ಯುಎಸ್‌ಬಿ ಕಿಂಡಿಗಳು ಕರೆಂಟ್ ಉಳಿಸಲು ಮಧ್ಯೆ ಮಧ್ಯೆ ಮಲಗುತ್ತವೆ. ಹಳೇ ಕಂಟ್ರೋಲ್ ಪ್ಯಾನೆಲಿನ ಪವರ್ ಆಪ್ಷನ್ಸ್ ಒಳಗೆ 'ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್' ಅಂತ ಇದೆ. ಅದನ್ನು ಡಿಸೇಬಲ್ ಮಾಡಿ. ಕೆಲವು ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಇದು ಕಾಣಿಸುವುದಿಲ್ಲ. ಆಗ ಡಿವೈಸ್ ಮ್ಯಾನೇಜರಿನಲ್ಲಿ ಪ್ರತಿ ಯುಎಸ್‌ಬಿ ರೂಟ್ ಹಬ್ಬಿನ ಪವರ್ ಮ್ಯಾನೇಜ್‌ಮೆಂಟ್ ಟ್ಯಾಬಿಗೆ ಹೋಗಿ ಟಿಕ್ ತೆಗೆಯಿರಿ.

6. ವಿಂಡೋಸ್ ಮಾಡುವ 'ಡಿಂಗ್' ಸದ್ದುಗಳು ಲ್ಯಾಪ್‌ಟಾಪ್ ಸ್ಪೀಕರಿಗೆ ಹೋಗಲಿ, ಇಂಟರ್‌ಫೇಸಿಗೆ ಬೇಡ. ಸೌಂಡ್ ಸೆಟ್ಟಿಂಗ್‌ನಲ್ಲಿ ಡೀಫಾಲ್ಟ್ ಆಗಿ ಲ್ಯಾಪ್‌ಟಾಪ್ ಸ್ಪೀಕರನ್ನೇ ಬಿಡಿ.

ಇಷ್ಟಾದ ಮೇಲೆ ಪರೀಕ್ಷೆ. ಲೇಟೆನ್ಸಿಮಾನ್ ಅನ್ನುವ ಸಣ್ಣ ಸಾಫ್ಟ್‌ವೇರ್ ಇದೆ, ಮನೆ ಬಳಕೆಗೆ ಪುಕ್ಕಟೆ. ಅದನ್ನು ಶುರು ಮಾಡಿ ಹತ್ತು ನಿಮಿಷ ಬಿಡಿ. ವೈಫೈ ಆನ್ ಇರಲಿ. ಪಟ್ಟಿಗಳು ಹಸಿರಾಗಿದ್ದರೆ ನೆಮ್ಮದಿ. ಕೆಂಪಾದರೆ ಡ್ರೈವರ್ಸ್ ಟ್ಯಾಬಿಗೆ ಹೋಗಿ, ಯಾವ ಡ್ರೈವರ್ ಹೆಚ್ಚು ಹೊತ್ತು ಪ್ರೊಸೆಸರನ್ನು ಹಿಡಿದಿಟ್ಟುಕೊಂಡಿದೆ ಅಂತ ನೋಡಿ. ಪಂಕ್ತಿಯಲ್ಲಿ ದಾರಿಗೆ ಅಡ್ಡ ನಿಂತವರು ಯಾರು ಅಂತ ಅಲ್ಲಿ ಹೆಸರು ಸಮೇತ ಸಿಗುತ್ತದೆ. ನನ್ನಲ್ಲಿ ಮೇಲೆ ಬಂದದ್ದು 'ಎನ್‌ಡಿಐಎಸ್' ಅನ್ನುವ ಹೆಸರು. ಅದು ನೆಟ್‌ವರ್ಕಿನದು. ವೈಫೈ ಆಫ್ ಮಾಡಿ ಮತ್ತೆ ಓಡಿಸಿದೆ. ಕೆಂಪಿದ್ದ ಪಟ್ಟಿ ಹಸಿರಾಯಿತು. ಅತ್ತೆಯ ಮೂರನೇ ಟೇಕ್ ಹಾಳಾಗಿ ಎಂಟು ದಿನ ಆಗಿತ್ತು.

'ಎನ್‌ವಿ' ಅಂತ ಶುರುವಾಗುವ ಹೆಸರು ಬಂದರೆ ಎನ್‌ವಿಡಿಯಾ ಗ್ರಾಫಿಕ್ಸ್. ಅದರ ಡ್ರೈವರ್ ಬದಲಿಸಿ ನೋಡಿ. 'ಎಸಿಪಿಐ' ಬಂದರೆ ಕರೆಂಟ್, ಬ್ಯಾಟರಿ ಕಡೆಯದು. ಬಯಾಸ್ ಅಪ್‌ಡೇಟ್‌ನಿಂದ ಕೆಲವೊಮ್ಮೆ ಸರಿಹೋಗುತ್ತದೆ. ಹೊಸ ಲ್ಯಾಪ್‌ಟಾಪ್ ತಂದ ವಾರದಲ್ಲೇ ಈ ಪರೀಕ್ಷೆ ಮುಗಿಸಿ. ಏನು ಮಾಡಿದರೂ ಕೆಂಪು ಹೋಗದಿದ್ದರೆ ಹಿಂದಿರುಗಿಸುವ ಅವಧಿ ಇನ್ನೂ ಇರುತ್ತದೆ.

ಮ್ಯಾಕ್‌ನವರಿಗೆ ಕೆಲಸ ಕಡಿಮೆ. ಲೋ ಪವರ್ ಮೋಡ್ ಆಫ್ ಇರಲಿ. ಐಕ್ಲೌಡ್‌ನಲ್ಲಿ ಡೆಸ್ಕ್‌ಟಾಪ್ ಮತ್ತು ಡಾಕ್ಯುಮೆಂಟ್ಸ್ ಸಿಂಕ್ ಆಗುತ್ತಿದ್ದರೆ ಹಾಡುಗಳ ಫೋಲ್ಡರನ್ನು ಅದರ ಹೊರಗಿಡಿ. ಹೊಸ ಮ್ಯಾಕ್ಓಎಸ್ ಬಂದ ದಿನವೇ ಹಾಕಬೇಡಿ. ನಿಮ್ಮ ಪ್ಲಗಿನ್‌ಗಳೆಲ್ಲ (ರೆಕಾರ್ಡಿಂಗ್ ಸಾಫ್ಟ್‌ವೇರಿಗೆ ಸೇರಿಸಿಕೊಳ್ಳುವ ಸಣ್ಣ ಸಾಫ್ಟ್‌ವೇರ್) ಅದಕ್ಕೆ ಹೊಂದಿವೆ ಅಂತ ಖಚಿತವಾದ ಮೇಲೆ ಹಾಕಿ.

ಹಂತ 6: ಇಂಟರ್‌ಫೇಸ್ ಜೋಡಿಸುವುದು

ಲ್ಯಾಪ್‌ಟಾಪಿನ ಸ್ವಂತ ಮೈಕ್ ಕಿಂಡಿ ಹಾಡಿಗೆ ಆಗುವುದಿಲ್ಲ. ಎರಡು ಇನ್‌ಪುಟ್ ಇರುವ ಇಂಟರ್‌ಫೇಸ್ ಕೊಳ್ಳಿ. ಫೋಕಸ್‌ರೈಟ್ ಸ್ಕಾರ್ಲೆಟ್ 2ಐ2 ಅಂಥದ್ದು ಒಂದು. ಎರಡು ಯಾಕೆ ಅಂದರೆ ಮೃದಂಗದ ಎಡಕ್ಕೊಂದು ಬಲಕ್ಕೊಂದು ಮೈಕ್ ಬೇಕಾಗುತ್ತದೆ. ಹಾಡುಗಾರರು ಹಾರ್ಮೋನಿಯಂ ನುಡಿಸಿಕೊಂಡು ಹಾಡಿದರೂ ಎರಡು ಬೇಕು.

ವಿಂಡೋಸ್‌ನಲ್ಲಿ ಮೊದಲು ಡ್ರೈವರ್ ಹಾಕಿ, ಆಮೇಲೆ ಇಂಟರ್‌ಫೇಸ್ ಚುಚ್ಚಿ. ರೆಕಾರ್ಡಿಂಗ್ ಸಾಫ್ಟ್‌ವೇರಿನ ಆಡಿಯೋ ಸೆಟ್ಟಿಂಗ್‌ನಲ್ಲಿ 'ಆಸಿಯೋ' ಆರಿಸಿ, ಅದರಲ್ಲಿ ನಿಮ್ಮ ಇಂಟರ್‌ಫೇಸಿನ ಹೆಸರು ಆರಿಸಿ. ಆಸಿಯೋ ಅಂದರೆ ವಿಂಡೋಸ್‌ನ ಉದ್ದದ ದಾರಿ ಬಿಟ್ಟು ಇಂಟರ್‌ಫೇಸಿಗೆ ಹತ್ತಿರದ ದಾರಿ ಹಿಡಿಯುವ ವ್ಯವಸ್ಥೆ. ಜರ್ಮನಿಯ ಸ್ಟೈನ್‌ಬರ್ಗ್ ಕಂಪನಿ ಮಾಡಿದ್ದು. ಇಂಟರ್‌ಫೇಸಿಗೆ ಸ್ವಂತ ಆಸಿಯೋ ಡ್ರೈವರ್ ಇಲ್ಲದಿದ್ದರೆ ಆಸಿಯೋ4ಆಲ್ ಅನ್ನುವ ಪುಕ್ಕಟೆ ಡ್ರೈವರ್ ಇದೆ. ಕೆಲಸ ನಡೆಯುತ್ತದೆ, ಆದರೆ ಸ್ವಂತದ್ದು ಇದ್ದರೆ ಅದೇ ಉತ್ತಮ.

ಸ್ಯಾಂಪಲ್ ದರ, ಅಂದರೆ ಸೆಕೆಂಡಿಗೆ ಎಷ್ಟು ಚೂರು ಅನ್ನುವುದು, ಎಲ್ಲ ಕಡೆ ಒಂದೇ ಇರಲಿ. ವಿಡಿಯೋ ಜೊತೆ ಹೋಗುವ ಹಾಡಿಗೆ 48,000 ಇಡಿ. 44,100ರಲ್ಲಿ ರೆಕಾರ್ಡ್ ಆದದ್ದು ತಪ್ಪಿ 48,000ದಲ್ಲಿ ಓಡಿದರೆ ಶ್ರುತಿ ಸುಮಾರು ಒಂದೂವರೆ ಸ್ವರಸ್ಥಾನ ಮೇಲೇರುತ್ತದೆ, ಹಾಡೂ ಓಡುತ್ತದೆ. ಬಫರ್ ರೆಕಾರ್ಡ್ ಮಾಡುವಾಗ 128ರಿಂದ ಶುರು ಮಾಡಿ. 'ಟಪ್' ಬಂದರೆ 256. ಆಮೇಲೆ ಟ್ರ್ಯಾಕ್‌ಗಳನ್ನೆಲ್ಲ ಹದವಾಗಿ ಬೆರೆಸಿ ಮಿಕ್ಸ್ ಮಾಡುವಾಗ ಯಾರೂ ಹಾಡುತ್ತಿರುವುದಿಲ್ಲ, ಧಾರಾಳವಾಗಿ 1024 ಇಡಿ. ಇಂಟರ್‌ಫೇಸಿನ ಮೇಲೆ 'ಡೈರೆಕ್ಟ್ ಮಾನಿಟರ್' ಗುಂಡಿ ಇದ್ದರೆ ಅದನ್ನು ಒತ್ತಿ. ಹಾಡಿದ ದನಿ ಲ್ಯಾಪ್‌ಟಾಪ್ ಒಳಗೆ ಹೋಗಿ ಬರದೆ ನೇರವಾಗಿ ಹೆಡ್‌ಫೋನಿಗೆ ಬರುತ್ತದೆ, ತಡದ ಮಾತೇ ಇಲ್ಲ. ಆಗ ಸಾಫ್ಟ್‌ವೇರಿನ ಒಳಗಿನ ಮಾನಿಟರಿಂಗ್ ಆಫ್ ಮಾಡಿ, ಇಲ್ಲದಿದ್ದರೆ ದನಿ ಎರಡೆರಡು ಕೇಳುತ್ತದೆ. ಬ್ಲೂಟೂತ್ ಹೆಡ್‌ಫೋನ್ ಎಷ್ಟೇ ಒಳ್ಳೆಯದಿದ್ದರೂ ಈ ಕೆಲಸಕ್ಕೆ ಬೇಡ.

ಕಂಡೆನ್ಸರ್ ಮೈಕಿಗೆ 48 ವೋಲ್ಟ್ ಗುಂಡಿ ಒತ್ತಬೇಕು. ಶೂರ್ ಎಸ್‌ಎಂ58ರಂಥ ಡೈನಮಿಕ್ ಮೈಕಿಗೆ ಬೇಕಿಲ್ಲ. ಗೇನ್ (ಮೈಕಿನ ದನಿ ಎಷ್ಟು ಜೋರಾಗಿ ಒಳಗೆ ಬರಬೇಕು ಅನ್ನುವುದು) ಇಡುವಾಗ ಹಾಡುವವರಿಗೆ ಪಲ್ಲವಿ ಹಾಡಿ ಅನ್ನಬೇಡಿ. ತಾರಸ್ಥಾಯಿಯಲ್ಲಿ ಅವರು ಎಷ್ಟು ಜೋರಾಗಿ ಹಾಡುತ್ತಾರೋ ಆ ಸಾಲನ್ನೇ ಹಾಡಿಸಿ. ಆಗ ಸಾಫ್ಟ್‌ವೇರಿನಲ್ಲಿ ದನಿಯ ಮಟ್ಟ ತೋರಿಸುವ ಮೀಟರ್ ಮೈನಸ್ 12 ಡೆಸಿಬೆಲ್ ಹತ್ತಿರ ಮುಟ್ಟಿದರೆ ಸಾಕು. 24 ಬಿಟ್‌ನಲ್ಲಿ ದನಿ ಸ್ವಲ್ಪ ಕಡಿಮೆ ಬಿದ್ದರೆ ಆಮೇಲೆ ಏರಿಸಬಹುದು. ಕೆಂಪು ಮುಟ್ಟಿ ಒಡೆದದ್ದನ್ನು ಸರಿ ಮಾಡುವುದು ಬಹಳ ಕಷ್ಟ.

'ಗುಂಯ್' ಅಂತ ಒಂದೇ ಸಮನೆ ಸದ್ದು ಬಂದರೆ ಅದು ಕರೆಂಟಿನದು. ಲ್ಯಾಪ್‌ಟಾಪ್ ಚಾರ್ಜರ್ ತೆಗೆದು ನೋಡಿ. ಸದ್ದು ನಿಂತರೆ ಕಾರಣ ಸಿಕ್ಕಿತು. ಟೇಕ್ ತೆಗೆಯುವಾಗ ಬ್ಯಾಟರಿಯಲ್ಲೇ ಓಡಿಸಿ. ಮನೆಯ ಅರ್ಥಿಂಗ್ ಸರಿ ಇದೆಯಾ ಅಂತ ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಮೂರು ಪಿನ್ನಿನಲ್ಲಿ ದಪ್ಪ ಪಿನ್ ತೆಗೆದುಹಾಕುವ ಉಪಾಯ ಕೆಲವರು ಹೇಳುತ್ತಾರೆ. ಖಂಡಿತ ಮಾಡಬೇಡಿ, ಶಾಕ್ ಹೊಡೆಯುತ್ತದೆ. ಅಂದ ಹಾಗೆ ಲ್ಯಾಪ್‌ಟಾಪಿನ ದೊಡ್ಡ ಅನುಕೂಲವೂ ಇಲ್ಲೇ ಇದೆ. ಚಿಕ್ಕ ಇಂಟರ್‌ಫೇಸ್‌ಗಳು ಯುಎಸ್‌ಬಿಯಿಂದಲೇ ಕರೆಂಟ್ ತೆಗೆದುಕೊಳ್ಳುತ್ತವೆ. ಟೇಕ್ ಮಧ್ಯೆ ಕರೆಂಟ್ ಹೋದರೂ ಹಾಡು ನಿಲ್ಲುವುದಿಲ್ಲ.

ಹಂತ 7: ಸಾಫ್ಟ್‌ವೇರ್, ಶ್ರುತಿ, ತಾಳ

ಯಾವುದಾದರೂ ಒಂದನ್ನು ಹಿಡಿದು ಅದನ್ನೇ ಕಲಿಯಿರಿ. ನನ್ನ ಸಲಹೆ ರೀಪರ್. ಗಾತ್ರ ಚಿಕ್ಕದು, ಹಳೇ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. 60 ದಿನ ಪೂರ್ತಿ ಬಳಸಿ ನೋಡಬಹುದು, ಮನೆ ಬಳಕೆಯ ಲೈಸೆನ್ಸ್ 60 ಡಾಲರ್. ಬೀಟ್ ಕಟ್ಟುವವರಿಗೆ ಎಫ್ಎಲ್ ಸ್ಟುಡಿಯೋ ಅಥವಾ ಏಬಲ್‌ಟನ್ ಲೈವ್ ಕೈಗೆ ಹತ್ತುತ್ತದೆ. ಮ್ಯಾಕ್‌ನವರು ಗ್ಯಾರೇಜ್‌ಬ್ಯಾಂಡಿನಲ್ಲಿ ಶುರು ಮಾಡಿ ಲಾಜಿಕ್ ಪ್ರೋಗೆ ಹೋಗಬಹುದು. ಕದ್ದ ಪ್ರತಿ ಹಾಕಬೇಡಿ. ಅದರ ಜೊತೆ ಏನೇನು ಬರುತ್ತದೋ ಹೇಳಲಾಗದು, ಹಾಡುಗಳೆಲ್ಲ ಅದೇ ಲ್ಯಾಪ್‌ಟಾಪಿನಲ್ಲಿವೆ.

ನಮ್ಮ ಸಂಗೀತಕ್ಕೆ ಬೇಕಾದ ಒಂದೆರಡು ಮಾತು. ತಂಬೂರಿ ಆ್ಯಪನ್ನು ಫೋನಿನಲ್ಲಿ ಜೋರಾಗಿ ಹಾಕಿ ಹಾಡಿಸಬೇಡಿ. ಅದು ಮೈಕಿಗೂ ಬಿದ್ದು ಹಾಡಿನೊಳಗೆ ಸೇರಿಕೊಳ್ಳುತ್ತದೆ, ಆಮೇಲೆ ಬೇರೆ ಮಾಡಲು ಬರುವುದಿಲ್ಲ. ಮೊದಲು ತಂಬೂರಿಯನ್ನೇ ಒಂದು ಟ್ರ್ಯಾಕಾಗಿ ರೆಕಾರ್ಡ್ ಮಾಡಿ, ಹಾಡುವವರಿಗೆ ಹೆಡ್‌ಫೋನಿನಲ್ಲಿ ಕೇಳಿಸಿ. ಸಾಫ್ಟ್‌ವೇರ್ ತೆರೆದ ಕೂಡಲೇ ತಾಳ 4/4 ಅಂತ ಇರುತ್ತದೆ. ಆದಿತಾಳಕ್ಕೆ ಅದು ನಡೆಯುತ್ತದೆ, ಎರಡು ಬಾರ್ ಸೇರಿದರೆ ಎಂಟು. ಮಿಶ್ರಛಾಪಿಗೆ 7/8, ಖಂಡಛಾಪಿಗೆ 5/8 ಅಂತ ಬದಲಿಸಿ. ಆಗ ಸಾಫ್ಟ್‌ವೇರ್ ಲಯ ತೋರಿಸಲು ಹಾಕುವ ಕ್ಲಿಕ್ ಸದ್ದು ತಟ್ಟುವ ಕೈಗೆ ಸರಿಹೊಂದುತ್ತದೆ. ಗಮಕ ವಾಚನಕ್ಕೆ, ಆಲಾಪನೆಗೆ ಕ್ಲಿಕ್ ಬೇಡವೇ ಬೇಡ.

ಶ್ರುತಿ ತಿದ್ದುವ ಪ್ಲಗಿನ್ ಬಗ್ಗೆ ನನಗೆ ಭಯವಿದೆ. ಅದು ದನಿಯನ್ನು ಹತ್ತಿರದ ಸ್ವರಕ್ಕೆ ಎಳೆದು ಕೂರಿಸುತ್ತದೆ. ತೋಡಿಯ ಗಾಂಧಾರ ಒಂದು ಕಡೆ ಕೂರುವುದೇ ಇಲ್ಲ. ಅದನ್ನು ಕೂರಿಸಿದರೆ ರಾಗವೇ ಹೋಯಿತು.

ಹಂತ 8: ಕೋಣೆಯಲ್ಲಿ ಲ್ಯಾಪ್‌ಟಾಪ್ ಎಲ್ಲಿಡಬೇಕು

ಹಾಡುವ ಮೈಕ್‌ಗಳಲ್ಲಿ ಹೆಚ್ಚಿನವು ಕಾರ್ಡಿಯಾಯ್ಡ್ ಬಗೆಯವು. ಮುಂದಿನಿಂದ ಚೆನ್ನಾಗಿ ಕೇಳುತ್ತವೆ, ಬೆನ್ನಿನ ಕಡೆಯಿಂದ ತುಂಬಾ ಕಡಿಮೆ. ಹಾಗಾಗಿ ಲ್ಯಾಪ್‌ಟಾಪನ್ನು ಮೈಕಿನ ಬೆನ್ನಿನ ಕಡೆ, ಕೇಬಲ್ ತಲುಪುವಷ್ಟು ದೂರ ಇಡಿ. ಫ್ಯಾನಿನ ಸದ್ದು ತಗ್ಗುತ್ತದೆ. ಹಾಡುವವರಿಗೆ ಪರದೆ ಎದುರಿಗೇ ಇರುವುದರಿಂದ ಸಾಹಿತ್ಯ ಅಲ್ಲೇ ತೆರೆದಿಡಬಹುದು. ಹಾಡುವವರ ಹಿಂದೆ ದಪ್ಪ ಕಂಬಳಿ ತೂಗುಹಾಕಿ, ಇಲ್ಲವೇ ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆರೆದಿಡಿ. ಸೀಲಿಂಗ್ ಫ್ಯಾನ್, ಫ್ರಿಜ್ ಆಫ್ ಮಾಡಿ. ಮುಗಿದ ಮೇಲೆ ಫ್ರಿಜ್ ಆನ್ ಮಾಡಲು ಮರೆಯದಿರಲು ನಾನು ಕಾರಿನ ಕೀಲಿಯನ್ನು ಅದರ ಮೇಲೆ ಇಡುತ್ತೇನೆ. ಪಕ್ಕದ ಮನೆಯ ಕುಕ್ಕರ್ ಯಾವಾಗ ಕೂಗುತ್ತದೆ ಅಂತ ಎರಡು ದಿನ ಗಮನಿಸಿ ಸಮಯ ಗೊತ್ತು ಮಾಡಿಕೊಳ್ಳಿ.

ಹಂತ 9: ಯಾರನ್ನೂ ಕರೆಯುವ ಮೊದಲು

ಇದನ್ನು ಬಿಡಬೇಡಿ. ವೈಫೈ, ಬ್ಲೂಟೂತ್ ಆಫ್. ಬೇರೆ ಸಾಫ್ಟ್‌ವೇರ್ ಎಲ್ಲ ಮುಚ್ಚಿ. ಬಫರ್ 128. ಎರಡೂ ಇನ್‌ಪುಟ್ಟಿಗೆ ಮೈಕ್ ಹಾಕಿ, ತಂಬೂರಿ ಟ್ರ್ಯಾಕ್ ಓಡಿಸುತ್ತಾ ಅರ್ಧ ಗಂಟೆ ಸುಮ್ನೆ ರೆಕಾರ್ಡ್ ಮಾಡಿ. ನೀವೇ ಏನಾದರೂ ಗುನುಗಿ, ಪೇಪರ್ ಓದಿ. ಆಮೇಲೆ ಹೆಡ್‌ಫೋನ್ ಹಾಕಿ ಪೂರ್ತಿ ಕೇಳಿ. ಹಾರಿಸಿ ಹಾರಿಸಿ ಕೇಳಬೇಡಿ. ಒಂದೇ ಒಂದು 'ಟಪ್' ಬಂದರೂ ಲೇಟೆನ್ಸಿಮಾನ್‌ಗೆ ವಾಪಸ್ ಹೋಗಿ.

ಹಾಡು ರೆಕಾರ್ಡ್ ಆದ ದಿನವೇ, ಕಾಫಿಗೂ ಮೊದಲು, ಬಾಹ್ಯ ಡಿಸ್ಕಿಗೆ ಒಂದು ಪ್ರತಿ ಹಾಕಿ. ಇನ್ನೊಂದು ಪ್ರತಿ ಬೇರೆ ಮನೆಯಲ್ಲಿ ಅಥವಾ ಮೋಡದಲ್ಲಿ ಇರಲಿ. ಫೋಲ್ಡರಿನ ಹೆಸರಿನಲ್ಲಿ ತಾರೀಖು, ಹಾಡಿದವರು, ಶ್ರುತಿ ಮೂರೂ ಬರೆಯಿರಿ. ಐದು ವರ್ಷದ ಮೇಲೆ ಅದನ್ನು ತೆರೆಯುವವರಿಗೆ ಬೇಕಾಗುತ್ತದೆ. ಸರಿ ಬಾರದ ಟೇಕ್ ಅಂತ ಯಾವುದನ್ನೂ ಅಳಿಸಬೇಡಿ. ಅತ್ತೆಯ ಮೂರನೇ ಟೇಕ್ 'ಟಪ್' ಸಮೇತ ನನ್ನ ಹತ್ತಿರ ಮೂರೂ ಕಡೆ ಇದೆ. ಮನೆಯವರು ಕೇಳಿಸು ಅಂದಾಗ ಹಾಕುವುದು ಅದನ್ನೇ.